ಒಂದೇ ನೀರಿಗೆ ನಾಲ್ಕು ಖಾತೆ

ಬಸವಕಲ್ಯಾಣ ತಾಲೂಕಿನ ದಿನ್ನೆಯ ಮೇಲೆ ಮೃಗಶಿರಾ ಮಳೆ ಸುರಿಯುವಾಗ ನಡೆಯುವ ಒಂದು ಸಂಗತಿಯು ಕಣ್ಣಿಗೆ ಬೀಳುವಂಥದಲ್ಲ; ನಕಾಶೆಯ ಮೇಲೆ ಬೆರಳಿಟ್ಟು ಹಳ್ಳಗಳ ಜಾಡು ಹಿಡಿದು ಹೋದವರಿಗೆ ಮಾತ್ರ ಅದು ತಿಳಿಯುವದು. ದಿನ್ನೆಯ ಒಂದು ಮಗ್ಗುಲಿಗೆ ಬಿದ್ದ ನೀರು ಚುಳಕಿ ನಾಲೆ ಮೊದಲಾದ ಹಳ್ಳಗಳಲ್ಲಿ ಇಳಿದು ಮಾಂಜ್ರಾ ನದಿಯನ್ನು ಸೇರಿ ಗೋದಾವರಿಯ ಪಾಲಾಗುವದು. ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಮುಲ್ಲಾಮಾರಿಯಾಗಿ ಚಿಂಚೋಳಿಯ ಕಡೆಗೆ ಹರಿದು, ಕಾಗಿಣಾ ಭೀಮಾಗಳನ್ನು ಹಾಯ್ದು ಕೃಷ್ಣೆಯನ್ನು ಕೂಡುವದು. ಹುಮನಾಬಾದ ತಾಲೂಕಿನ ಸ್ಥಿತಿಯೂ ಇದೇ. ಉತ್ತರದ ಹಳ್ಳಗಳು ಕಾರಂಜೆಯ ಕಡೆಗೆ, ದಕ್ಷಿಣದವು ಮುಲ್ಲಾಮಾರಿಯ ಕಡೆಗೆ. ಈಚೆಗೆ ಹುಲಸೂರು, ಚಿಟಗುಪ್ಪಾಗಳು ಪ್ರತ್ಯೇಕ ತಾಲೂಕುಗಳಾಗಿವೆಯಾದರೂ ಆ ಸುದ್ದಿಯು ನೀರಿಗೆ ಇನ್ನೂ ಮುಟ್ಟಿದಂತೆ ತೋರುವದಿಲ್ಲ. ಕೃಷ್ಣೆಯ ಮೊದಲ ನ್ಯಾಯಮಂಡಳಿಯ ಅಂತಿಮ ತೀರ್ಪು ೧೯೭೬ರಲ್ಲಿ ಬಂತು, ಗೋದಾವರಿಯದು ೧೯೮೦ರಲ್ಲಿ. ಎರಡಕ್ಕೂ ನ್ಯಾಯಮೂರ್ತಿ ಬಚಾವತರೇ ಅಧ್ಯಕ್ಷರು. ದಿನ್ನೆಯ ನೆತ್ತಿಯ ಮೇಲೆ ಹೊಲವುಳ್ಳ ಒಕ್ಕಲಿಗನು ತನ್ನ ಬದುವಿನ ಈಚೆಗೂ ಆಚೆಗೂ ಎರಡು ತೀರ್ಪುಗಳಿವೆಯೆಂದು ಬಲ್ಲನೋ ಇಲ್ಲವೋ!

ಈ ನೀರನ್ನು ಎಣಿಸುವವರು ಯಾರು ಎಂಬದೇ ಇಂದು ನಾವು ವಾಚಕರ ಮುಂದೆ ಇಡಬೇಕೆಂದಿರುವ ಪ್ರಶ್ನೆ. ಎಣಿಸುವವರಿಗೆ ಕೊರತೆಯಿದೆಯೆಂದಲ್ಲ. ಜಲಾನಯನ ಇಲಾಖೆಯವರು ಹೊಲದ ಬದು, ಕೃಷಿಹೊಂಡ, ನಾಲಾ ಬದುಗಳಲ್ಲಿ ನಿಲ್ಲಿಸಿದ ನೀರನ್ನು ಎಣಿಸುವರು. ಸಣ್ಣ ನೀರಾವರಿಯವರು ತಮ್ಮ ಕೆರೆ, ಜಿನುಗು ಕೆರೆ, ಚೆಕ್ ಡ್ಯಾಮುಗಳದನ್ನು ಎಣಿಸುವರು. ನೀರಾವರಿ ನಿಗಮದವರು ಕಾರಂಜಾ, ಚುಳಕಿ ನಾಲಾ, ಮೇಲಿನ ಮುಲ್ಲಾಮಾರಿ ಜಲಾಶಯಗಳಿಗೆ ಬರತಕ್ಕ ನೀರನ್ನು ಎಣಿಸುವರು. ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯಲ್ಲಿ ಕಟ್ಟಿದ ಕಾರಂಜಾ ಒಂದರ ಸಾಮರ್ಥ್ಯವೇ ೭.೬೯ ಟಿಎಂಸಿ. ಕುಡಿಯುವ ನೀರಿನವರು ಅದೇ ಜಲಾಶಯಗಳಿಂದಲೂ ಅದೇ ನೆಲದಡಿಯಿಂದಲೂ ಎತ್ತುವದನ್ನು ತಮ್ಮ ಲೆಕ್ಕಕ್ಕೆ ಬರೆಯುವರು. ಹೀಗೆ ನಾಲ್ಕು ಖಾತೆಗಳು. ಒಂದೊಂದು ಖಾತೆಯನ್ನೂ ಬಿಡಿಯಾಗಿ ತೆಗೆದು ನೋಡಿದರೆ ತಪ್ಪೇನೂ ಕಾಣುವದಿಲ್ಲ. ನಾಲ್ಕನ್ನೂ ಕೂಡಿಸಹೋದರೆ ಮಾತ್ರ, ಆಕಾಶದಿಂದ ಬಿದ್ದ ಮಳೆ ಒಂದಾದರೆ ಪುಸ್ತಕದಲ್ಲಿ ಜಮಾ ಆದದ್ದು ಅದಕ್ಕಿಂತ ಮಿಕ್ಕಿರುವದು. ಮೇಲಿನ ಹಳ್ಳಿಯ ಹೊಂಡದಲ್ಲಿ ನಿಂತ ನೀರು ಕೆಳಗಿನ ಜಲಾಶಯದ ಅಂದಾಜಿನಲ್ಲಿಯೂ ಸೇರಿಕೊಂಡಿರುವದೇ ಇದಕ್ಕೆ ಕಾರಣ. ಐದನೆಯವನಾದ ಕೊಳವೆ ಬಾವಿಯ ರೈತನಿಗಂತೂ ಖಾತೆಯೇ ಇಲ್ಲ.

ನೆಲ, ನೀರು, ಹವೆಗಳ ಪರಸ್ಪರ ವ್ಯವಹಾರವನ್ನು ಗಣಿತದ ಮಾದರಿಯಲ್ಲಿ ಕಟ್ಟಿ ನೋಡುವ ಶಾಸ್ತ್ರವೊಂದು ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ಬೆಳೆದುಬಂದಿದೆ. ಮಾದರಿಯೆಂದೊಡನೆ ನಗುವವರುಂಟು, ಮಣ್ಣಿನ ಎತ್ತು ಉಳುವದೇ ಎಂದು ಕೇಳುವವರೂ ಉಂಟು. ಆದರೆ ಈ ಶಾಸ್ತ್ರದ ತಿರುಳು ಕಿರಾಣಿ ಅಂಗಡಿಯ ರೋಜುಕೀರ್ದಿಗಿಂತ ಬೇರೆಯಲ್ಲ. ಬಂದದ್ದು ಮಳೆ. ಹೋದದ್ದು ಮೂರು ಬಾಬು: ಆವಿಯಾಗಿ ಗಾಳಿಗೆ, ಹರಿದು ಹಳ್ಳಕ್ಕೆ, ಇಂಗಿ ನೆಲದಡಿಗೆ. ಉಳಿದದ್ದು ಮಣ್ಣಿನಲ್ಲಿರುವ ಶಿಲ್ಕು. ಪ್ರತಿದಿನವೂ ಈ ಲೆಕ್ಕ ಕೂಡಬೇಕು. ಒಂದು ಹನಿಯನ್ನೂ ಎರಡು ಕಡೆಗೆ ಬರೆಯುವ ಅವಕಾಶವು ಇದರಲ್ಲಿ ಇಲ್ಲ. ಅಧಿಕಾರಿ ವರ್ಗಕ್ಕೆ ಈ ಶಾಸ್ತ್ರದ ಉಪಯೋಗವು ಮುಖ್ಯವಾಗಿ ಇಲ್ಲಿಯೇ ಎಂದು ನಮ್ಮ ಮತ. ಮುಂದಿನ ನೂರು ವರ್ಷಗಳ ಭವಿಷ್ಯ ನುಡಿಯುವದು ಆಮೇಲಿನ ಮಾತು.

ನಮ್ಮ ಪೂರ್ವಜರಿಗೆ ಈ ಬುದ್ಧಿ ಇರಲಿಲ್ಲವೆಂದು ಯಾರೂ ತಿಳಿಯಬಾರದು. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಉಗ್ರಾಣದ ಮುಂದೆ ಒಂದು ಅರತ್ನಿ ಅಗಲದ ಕುಂಡವನ್ನು ಇಟ್ಟು ಮಳೆಯನ್ನು ಅಳೆಯಬೇಕೆಂದು ವಿಧಿಸಿದನು. ಯಾವ ದೇಶಕ್ಕೆ ಎಷ್ಟು ಮಳೆಯೆಂಬದನ್ನು ಬೇಸಾಯದ ಅಧ್ಯಕ್ಷನ ಪ್ರಕರಣದಲ್ಲಿ ದ್ರೋಣದ ಲೆಕ್ಕದಿಂದ ಕೊಟ್ಟನು. ಜಾಂಗಲ ದೇಶಕ್ಕೆ ೧೬ ದ್ರೋಣ, ಅವಂತಿಗೆ ೨೩, ಅಶ್ಮಕಕ್ಕೆ ೧೩½. ಅಶ್ಮಕವೆಂದರೆ ಗೋದಾವರಿಯ ತಡಿಯ ನಾಡು. ನಮ್ಮ ಬೀದರ ಸೀಮೆಗೆ ನೆರೆಯದು. ಕಡಿಮೆ ಮಳೆಯ ನಾಡೆಂದು ಅಂದಿಗೇ ಪಟ್ಟಿಯಲ್ಲಿ ಏರಿತ್ತೆಂಬದನ್ನು ವಾಚಕರು ಗಮನಿಸಬೇಕು. ಅಳತೆಯು ಜ್ಯೋತಿಷ್ಯದ ಬಾಬತ್ತಾಗಿರದೆ ಉಗ್ರಾಣದ ಬಾಬತ್ತಾಗಿತ್ತೆಂಬದನ್ನೂ ಗಮನಿಸಬೇಕು. ಯುಗಾದಿಯ ದಿನ ಪಂಚಾಂಗ ಶ್ರವಣದಲ್ಲಿ ಈ ವರ್ಷ ಇಷ್ಟು ಕೊಳಗ ಮಳೆಯೆಂದು ಕೇಳಿ ತಲೆದೂಗುವ ನಾವು ಕೊಳಗವನ್ನು ಉಳಿಸಿಕೊಂಡೆವು, ಕುಂಡವನ್ನು ಮರೆತೆವು.

ಇನ್ನು ನೆಲದ ವಿಚಾರ. ಬೀದರ ಜಿಲ್ಲೆಯ ಕೆಳಗಡೆ ಇರುವದು ದಕ್ಷಿಣಾಪಥದ ಕರಿಕಲ್ಲು, ಲಾವಾರಸವು ಪದರುಪದರಾಗಿ ಹರಿದು ಗಟ್ಟಿಯಾದದ್ದು. ಅದರ ಮೇಲೆ ಬೀದರದ ಸುತ್ತಲೂ ಕಲ್ಯಾಣದ ಕಡೆಯ ಎತ್ತರದ ಬಯಲುಗಳಲ್ಲಿಯೂ ಜಂಬಿಟ್ಟಿಗೆಯ ಹೊದಿಕೆಯುಂಟು. ಜಂಬಿಟ್ಟಿಗೆಯು ರಂಧ್ರಮಯವಾದದ್ದು, ಮಳೆಯನ್ನು ಬೇಗನೆ ಕುಡಿಯುವದು, ಬೇಗನೆ ಬಿಡುವದು. ಕೆಳಗಿನ ಕರಿಕಲ್ಲು ಅಷ್ಟು ಸುಲಭವಾಗಿ ಒಳಕ್ಕೆ ಬಿಡದು. ಆದ್ದರಿಂದ ಇಳಿದ ನೀರು ಎರಡರ ಸಂದಿನಲ್ಲಿ ನಿಂತು ಮೆಲ್ಲಗೆ ಅಡ್ಡ ಹರಿಯುವದು. ಈ ಮರ್ಮವನ್ನು ಅರಿತೇ ಹದಿನೈದನೆಯ ಶತಮಾನದ ಬಹಮನಿ ಕಾಲದವರು ಬೀದರದ ನೌಬಾದಿನಲ್ಲಿ ಸುರಂಗ ಬಾವಿಯನ್ನು ತೋಡಿಸಿದರು. ನೆಲದ ಅಡಿಯಲ್ಲಿ ಉದ್ದನೆಯ ಸುರಂಗ, ಮೇಲೆ ಸಾಲಾಗಿ ಗಾಳಿಬಾವಿಗಳು. ಯಂತ್ರವಿಲ್ಲದೆ, ಎತ್ತಿಲ್ಲದೆ ನೀರು ತಾನಾಗಿ ಊರಿಗೆ ಬರುತ್ತಿತ್ತು. ಗಣಿತದ ಸೂತ್ರ ಬರೆಯದಿದ್ದರೂ ಯಾವ ಕಲ್ಲಿನ ಮೇಲೆ ಯಾವ ಕಲ್ಲು, ನೀರು ಎಲ್ಲಿ ತಡೆಯುವದು, ಎಷ್ಟು ಇಳಿಜಾರು ಬೇಕು ಎಂಬ ಲೆಕ್ಕ ಅವರ ತಲೆಯಲ್ಲಿತ್ತು. ಅದೂ ಒಂದು ಮಾದರಿಯೇ. ಅದರಿಂದ ತೆಗೆಯಬಹುದಾದ ನೀರು ಆ ಸಂದಿನಲ್ಲಿ ಹರಿದು ಬಂದಷ್ಟೇ ಎಂಬದು ಅದರ ದೊಡ್ಡ ಗುಣ. ಕೊಳವೆ ಬಾವಿಗೆ ಆ ಲಗಾಮು ಇಲ್ಲ.

ಜಂಬಿಟ್ಟಿಗೆಯ ದಿನ್ನೆಯಿಂದ ಇಳಿದರೆ ಎರೆ ಭೂಮಿ. ಎರೆಯ ಸ್ವಭಾವವೇ ಬೇರೆ. ಬೇಸಿಗೆಯಲ್ಲಿ ಬಾಯಿಬಿಟ್ಟು ಬಿರಿದ ನೆಲವು ಮೊದಲ ಮಳೆಯನ್ನು ಬಿರುಕಿನಲ್ಲಿಯೇ ನುಂಗುವದು. ಒಮ್ಮೆ ನೆನೆದು ಉಬ್ಬಿತೆಂದರೆ ಬಾಗಿಲು ಮುಚ್ಚಿದಂತೆ, ಆಮೇಲಿನ ಮಳೆಯು ಮೇಲೆಯೇ ಹರಿಯುವದು. ಆಳವಾದ ಎರೆಯು ಒಂದು ಮೀಟರು ಆಳದಲ್ಲಿ ಬೆಳೆಗೆ ದಕ್ಕುವ ೧೫೦ರಿಂದ ೨೦೦ ಮಿಲ್ಲಿಮೀಟರು ನೀರನ್ನು ಹಿಡಿದಿಡಬಲ್ಲದು. ತೆಳುವಾದ ಕೆಮ್ಮಣ್ಣಿಗೆ ಅಷ್ಟು ಹೊಟ್ಟೆಯಿಲ್ಲ. ಹಿಂಗಾರಿ ಜೋಳ, ಕಡಲೆಗಳು ಮಳೆ ನಿಂತ ಮೇಲೂ ಬೆಳೆಯುವದು ಎರೆಯ ಹೊಟ್ಟೆಯಲ್ಲಿರುವ ಈ ಶಿಲ್ಕಿನಿಂದಲೇ ಎಂಬದು ನಮ್ಮ ರೈತರಿಗೆ ಹೊಸ ಮಾತಲ್ಲ.

ವಿಜ್ಞಾನಿಗಳ ಮೊದಲ ಮಾದರಿಗಳಲ್ಲಿ ಈ ಭೇದ ಇರಲಿಲ್ಲ. ಜಪಾನಿನಿಂದ ಅಮೆರಿಕೆಗೆ ಹೋಗಿ ಪ್ರಿನ್ಸ್ಟನ್ನಿನಲ್ಲಿ ದುಡಿದ ಸ್ಯುಕುರೊ ಮನಾಬೆ ಎಂಬವರು ೧೯೬೯ರಲ್ಲಿ ಭೂಗೋಲದ ಹವೆಯ ಲೆಕ್ಕದೊಳಗೆ ನೆಲವನ್ನು ಸೇರಿಸಿದಾಗ, ಎಲ್ಲ ಖಂಡಗಳ ಮಣ್ಣನ್ನೂ ೧೫ ಸೆಂಟಿಮೀಟರು ನೀರು ಹಿಡಿಯುವ ಒಂದೇ ಬಗೆಯ ಬಕೇಟೆಂದು ಇಟ್ಟುಕೊಂಡರು. ಬಕೇಟು ತುಂಬಿದರೆ ಚೆಲ್ಲಿದ್ದೆಲ್ಲವೂ ನದಿಗೆ. ಬರಿದಾಗುತ್ತ ಬಂದರೆ ಆವಿಯೂ ಕಡಿಮೆ. ಇಷ್ಟು ಸರಳವಾದ ಕಲ್ಪನೆಯಿಂದಲೇ ನೆಲವೂ ಹವೆಯೂ ಒಂದಕ್ಕೊಂದು ಹೇಗೆ ಉತ್ತರ ಕೊಡುವವೆಂಬದು ಮೊದಲು ಬೆಳಕಿಗೆ ಬಂತು. ೨೦೨೧ರಲ್ಲಿ ಮನಾಬೆಯವರಿಗೆ ಭೌತವಿಜ್ಞಾನದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಅಲ್ಲಿಂದೀಚೆಗೆ ಬಕೇಟಿಗೆ ಪದರುಗಳು ಬಂದವು, ಬೇರುಗಳು ಬಂದವು, ಕೆಳಗೆ ಅಂತರ್ಜಲ ಬಂತು. ಆದರೆ ಒಂದು ದೋಷವು ಹಾಗೆಯೇ ಉಳಿಯುವ ಭಯವಿದೆ. ಎಲ್ಲಿಯೋ ಅಳೆದ ಅಂಕಿಗಳನ್ನು ಇಲ್ಲಿ ತಂದು ತುಂಬಿದರೆ ಯಂತ್ರವು ಬೇಡವೆನ್ನುವದಿಲ್ಲ. ಅಂದವಾದ ನಕಾಶೆಯನ್ನು ಅಚ್ಚುಹಾಕಿ ಕೈಗೆ ಕೊಡುವದು. ಮಳೆಯಲ್ಲಿ ಎಷ್ಟು ಹರಿದುಹೋಗುವದೆಂದು ಅಂದಾಜಿಸಲು ಇಂದಿಗೂ ಬಹುವಾಗಿ ಬಳಸುವ ಕೋಷ್ಟಕವು ಮೂಲದಲ್ಲಿ ಅಮೆರಿಕೆಯ ಮಣ್ಣು ಸಂರಕ್ಷಣಾ ಇಲಾಖೆಯವರು ತಮ್ಮ ಹೊಲಗಳ ಸಲುವಾಗಿ ಸಿದ್ಧಪಡಿಸಿದ್ದು. ಅದನ್ನು ನಮ್ಮ ಎರೆಗೆ ಹೊಂದಿಸುವ ಕೆಲಸವನ್ನು ನಾವೇ ಮಾಡಬೇಕಲ್ಲದೆ ಅವರು ಬಂದು ಮಾಡಿಕೊಡರು.

ಆ ಕೆಲಸದ ಒಂದು ಭಾಗವು ನಡೆದಿದೆ ಎಂದು ಹೇಳಲು ನಮಗೆ ಸಂತೋಷವಾಗುತ್ತದೆ. ವಿಶ್ವಬ್ಯಾಂಕಿನ ಸಹಾಯದಿಂದ ೨೦೧೨ರಲ್ಲಿ ಆರಂಭವಾದ ಸುಜಲಾ ಯೋಜನೆಯ ಮೂರನೆಯ ಹಂತದಲ್ಲಿ ಬೀದರವೂ ಸೇರಿತ್ತು. ರಾಷ್ಟ್ರೀಯ ಮಣ್ಣು ಸಮೀಕ್ಷಾ ಸಂಸ್ಥೆಯ ಬೆಂಗಳೂರು ಕೇಂದ್ರದವರ ಮುಂದಾಳುತನದಲ್ಲಿ ಸರ್ವೇ ನಂಬರುಗಳುಳ್ಳ ೧:೭೯೨೦ ಪ್ರಮಾಣದ ಗ್ರಾಮ ನಕಾಶೆಗಳ ಮೇಲೆ ಮಣ್ಣಿನ ಆಳ, ಗುಣ, ಇಳಿಜಾರುಗಳನ್ನು ಗುರುತಿಸಲಾಯಿತು. ನೀರಿನ ಲೆಕ್ಕವನ್ನು ಭಾರತೀಯ ವಿಜ್ಞಾನ ಸಂಸ್ಥೆಯವರು ನೋಡಿಕೊಂಡರು. ಹಳೆಯ ಕಾಲದಲ್ಲಿ ಜಮಾಬಂದಿಗೆ ಬಂದ ಅಧಿಕಾರಿಯು ಎರೆ, ಮಸಾರಿ ಎಂದು ಎರಡೇ ಮಾತಿನಲ್ಲಿ ಮುಗಿಸುತ್ತಿದ್ದುದನ್ನು ಈಗ ಹೊಲಹೊಲಕ್ಕೂ ಬಿಡಿಸಿ ಬರೆದಂತಾಯಿತು. ಇಂಥ ನಕಾಶೆಗಳು ದಫ್ತರಗಳ ಕಪಾಟಿನಲ್ಲಿ ಸುರುಳಿ ಸುತ್ತಿಕೊಂಡು ಮಲಗಬಾರದೆಂಬದೇ ನಮ್ಮ ವಿನಂತಿ.

ಈಗ ಮೇಲೆ ಹೇಳಿದ ನಾಲ್ಕು ಖಾತೆಗಳ ಪ್ರಶ್ನೆಗೆ ಬರೋಣ. ಹುಮನಾಬಾದದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲೆಯೇ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಎಂಬ ಅಂತಾರಾಷ್ಟ್ರೀಯ ಬೇಸಾಯ ಸಂಶೋಧನಾ ಸಂಸ್ಥೆಯಿದೆ, ಸ್ಥಾಪನೆ ೧೯೭೨. ಅಲ್ಲಿಯದೂ ಎರೆ ಭೂಮಿಯೇ, ಮಳೆಯೂ ಹೆಚ್ಚುಕಡಿಮೆ ನಮ್ಮಷ್ಟೇ. ೧೯೭೬ರಿಂದ ಅಲ್ಲಿ ಎರಡು ಬಗೆಯ ಹೊಲಗಳನ್ನು ಪಕ್ಕಪಕ್ಕಕ್ಕೆ ಇಟ್ಟು ದೀರ್ಘ ಪರೀಕ್ಷೆ ನಡೆಸಿದರು. ಒಂದರಲ್ಲಿ ರೂಢಿಯ ಬೇಸಾಯ, ಅಂದರೆ ಮುಂಗಾರಿನಲ್ಲಿ ಬೀಳು ಬಿಟ್ಟು ಹಿಂಗಾರಿಗೆ ಬಿತ್ತುವದು. ಇನ್ನೊಂದರಲ್ಲಿ ಅಗಲ ಮಡಿ, ನಡುವೆ ಸಾಲು, ತೊಗರಿಯೊಡನೆ ಜೋಳ. ರೂಢಿಯ ಹೊಲದಲ್ಲಿ ಹೆಕ್ಟೇರಿಗೆ ಸುಮಾರು ೧ ಟನ್ನು ಕಾಳು ಬಂದರೆ ಸುಧಾರಿಸಿದ್ದರಲ್ಲಿ ಸುಮಾರು ೫ ಟನ್ನು ಬಂತು. ಹರಿದುಹೋಗುವ ನೀರು ಅರ್ಧಕ್ಕಿಂತ ಕಡಿಮೆಯಾಯಿತು. ಮಣ್ಣಿನ ಕೊಚ್ಚಣೆಯೂ ಇಳಿಯಿತು. ಇದಕ್ಕಿಂತ ಒಳ್ಳೆಯ ಸುದ್ದಿ ಒಕ್ಕಲಿಗನಿಗೆ ಬೇರೇನು ಬೇಕು?

ಒಕ್ಕಲಿಗನಿಗೆ ಬೇಡ, ನಿಜ. ಕೆಳಗಿನ ಜಲಾಶಯದವನಿಗೆ ಮಾತ್ರ ಇನ್ನೊಂದು ಪ್ರಶ್ನೆ ಉಳಿಯುವದು. ಅದೇ ಸಂಸ್ಥೆಯವರು ತೆಲಂಗಾಣದ ರಂಗಾರೆಡ್ಡಿ ಜಿಲ್ಲೆಯ ಕೊತ್ತಪಲ್ಲಿ ಎಂಬ ಹಳ್ಳಿಯ ಜಲಾನಯನದಲ್ಲಿ ಬದು, ಚೆಕ್ ಡ್ಯಾಮು ಮೊದಲಾದವನ್ನು ಕಟ್ಟಿಸಿ, ಬಳಿಕ ಟೆಕ್ಸಾಸಿನಲ್ಲಿ ಹುಟ್ಟಿದ 'ಸ್ವಾಟ್' ಎಂಬ ಗಣಿತ ಮಾದರಿಯಿಂದ ಅದರ ಲೆಕ್ಕ ತೆಗೆದು ೨೦೧೨ರಲ್ಲಿ ಪ್ರಕಟಿಸಿದರು. ಹಳ್ಳಿಯ ಅಂತರ್ಜಲವು ಹೆಚ್ಚಿತು. ಹಳ್ಳದಲ್ಲಿ ಹೋಗುವ ಹೂಳು ಹತ್ತನೆಯ ಒಂದು ಪಾಲಿಗಿಂತ ಕೆಳಗೆ ಇಳಿಯಿತು. ಅದರೊಡನೆ ಜಲಾನಯನದಿಂದ ಹೊರಗೆ ಹರಿಯುವ ನೀರೂ ಅರ್ಧಕ್ಕಿಂತ ಕಡಿಮೆಯಾಯಿತು. ಇಂಥ ಕಾಮಗಾರಿಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದರೆ ಕೆಳಗಿನವರಿಗೆ ದೊಡ್ಡ ಪೆಟ್ಟು ಬೀಳಬಹುದೆಂದು ಅವರೇ ಸ್ಪಷ್ಟವಾಗಿ ಬರೆದಿದ್ದಾರೆ. ತಾವು ಮಾಡಿದ ಕೆಲಸದ ಇನ್ನೊಂದು ಮುಖವನ್ನು ತಾವೇ ಹೇಳುವ ಈ ಪ್ರಾಮಾಣಿಕತೆಯು ಉದ್ಘಾಟನೆಯ ಭಾಷಣಗಳಲ್ಲಿ ನಮಗೆ ಕೇಳಸಿಗುವದಿಲ್ಲ.

ನಮ್ಮನ್ನು ತಪ್ಪು ತಿಳಿಯಬಾರದು. ಬದು ಕಟ್ಟಬೇಡಿರಿ, ಹೊಂಡ ತೋಡಬೇಡಿರಿ ಎಂದು ನಾವು ಹೇಳುತ್ತಿಲ್ಲ. ಹೂಳು ಕಡಿಮೆಯಾದರೆ ಚುಳಕಿ ನಾಲೆಯ ಆಯುಷ್ಯವೇ ಹೆಚ್ಚುವದು. ಹೊಲದ ನೀರು ಹೊಲದಲ್ಲಿ ನಿಂತರೆ ಬಡ ರೈತನ ತೊಗರಿ ಉಳಿಯುವದು. ಮೇಲಿನ ಹೊಲದವನಿಗೆ ಮೊದಲ ಹಕ್ಕು ಕೊಡುವದು ನ್ಯಾಯವೆಂದು ತೋರಿದರೆ ಸರಕಾರವು ಹಾಗೆಯೇ ನಿರ್ಣಯಿಸಲಿ. ಆದರೆ ನಿರ್ಣಯವೆಂದು ತಿಳಿದು ಮಾಡಬೇಕು. ಇಂದು ನಡೆಯುತ್ತಿರುವದು ನಿರ್ಣಯವಲ್ಲ. ಒಂದು ಇಲಾಖೆಯು ಮೇಲೆ ತಡೆಯುವದು, ಇನ್ನೊಂದು ಇಲಾಖೆಯು ಆ ನೀರು ಬರುವದೆಂದು ನಂಬಿ ಕೆಳಗೆ ಕಾಲುವೆ ತೋಡುವದು, ಕಾಲುವೆಯ ಕೊನೆಯ ರೈತನು ಕಾಯುತ್ತ ಕೂಡುವದು. ಬೀದರ ನಗರಕ್ಕೆ ಕುಡಿಯುವ ನೀರು ಬರುವದು ಕಾರಂಜೆಯಿಂದಲೇ ಎಂಬದನ್ನು ಇಲ್ಲಿ ನೆನೆಯಬೇಕು.

ಮೇಲಿನ ಹೊಲ, ಕೆಳಗಿನ ಜಲಾಶಯಗಳ ನಡುವೆ ಇನ್ನೊಬ್ಬ ಪಾಲುದಾರನಿದ್ದಾನೆ. ಆತನೇ ಕೊಳವೆ ಬಾವಿ. ಅವನ ಕಥೆಯನ್ನು ನಮ್ಮ ರಾಜ್ಯದಲ್ಲಿ ಬಹಳ ತಾಳ್ಮೆಯಿಂದ ಬಿಡಿಸಿ ನೋಡಿದ್ದು ಇಲ್ಲಿಗೆ ದೂರದ ದಕ್ಷಿಣ ತುದಿಯಲ್ಲಿ, ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲೂಕಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಶೇಖರ ಮುದ್ದು ಅವರೂ ಅವರ ಸಂಗಡಿಗರೂ ಫ್ರೆಂಚ್ ವಿಜ್ಞಾನಿಗಳೊಡನೆ ಕೂಡಿ ಅಲ್ಲಿ ಎರಡು ನೆಲಗಳನ್ನು ಆರಿಸಿಕೊಂಡರು. ಒಂದು ಬಂಡೀಪುರ ಕಾಡಿನ ಮೂಲೆಹೊಳೆ. ೨೦೦೩ರಿಂದ ಅಳತೆ ನಡೆದಿದೆ. ಇನ್ನೊಂದು ಸುಮಾರು ೮೪ ಚದರ ಕಿಲೋಮೀಟರಿನ ಬೇರಂಬಾಡಿ ಜಲಾನಯನ, ಬಹುಮಟ್ಟಿಗೆ ಬೇಸಾಯದ ಸೀಮೆ. ಕಾಡಿನ ನೆಲದಲ್ಲಿ ಕಂಡದ್ದೇನೆಂದರೆ, ಸುರಿದ ಮಳೆಯ ಬಹುಪಾಲನ್ನು ಮರಗಳೂ ಮಣ್ಣೂ ಆವಿಯಾಗಿ ಗಾಳಿಗೆ ಮರಳಿಸುವವು. ಅಂತರ್ಜಲವನ್ನು ಮುಟ್ಟುವದು ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಮರದ ಬೇರುಗಳು ಕೊಳೆತ ಕಲ್ಲಿನ ಪದರದ ವರೆಗೆ ಇಳಿದು ಅಲ್ಲಿಯ ತೇವವನ್ನೂ ಹೀರುವದರಿಂದ, ಒಂದು ಒಳ್ಳೆಯ ಮಳೆಗಾಲದ ನೀರು ಮೊದಲ ಬಾರಿಗೆ ಆ ಪದರದ ದಾಹವನ್ನು ತೀರಿಸಿ ಆಮೇಲೆ ಕೆಳಗಿಳಿಯಬೇಕು. ಮರ ನೆಟ್ಟೊಡನೆ ಬಾವಿ ತುಂಬುವದೆಂದು ಸಭೆಗಳಲ್ಲಿ ಹೇಳುವವರು ಈ ಮಾತನ್ನು ಕೊಂಚ ಯೋಚಿಸಬೇಕು. ಮರಗಳಿಂದ ಬೇರೆ ನೂರು ಲಾಭಗಳುಂಟು. ಇದೊಂದು ಮಾತ್ರ ಅಷ್ಟು ಸರಳವಲ್ಲ.

ಬೇರಂಬಾಡಿಯಲ್ಲಿ ಸುಮಾರು ೨೦೦ ಕೊಳವೆ ಬಾವಿಗಳನ್ನು ಅಳೆದು ನೋಡಿದರು. ಹಿಂದೆ ಅಂತರ್ಜಲವು ದಿನ್ನೆಯಿಂದ ತಗ್ಗಿಗೆ ಹರಿದು ಹಳ್ಳಕ್ಕೆ ಜಿನುಗುತ್ತಿತ್ತು. ಮಳೆ ನಿಂತ ಮೇಲೂ ಹಳ್ಳವು ಹರಿಯುತ್ತಿದ್ದುದು ಆ ಜಿನುಗಿನಿಂದ. ತಗ್ಗಿನಲ್ಲಿ ಒಳ್ಳೆಯ ಮಣ್ಣು, ಒಳ್ಳೆಯ ಮಣ್ಣಿರುವಲ್ಲಿ ಬಾವಿಗಳು, ಬಾವಿಗಳಿರುವಲ್ಲಿ ಪಂಪು. ಹೀಗೆ ಎತ್ತಿ ಎತ್ತಿ ತಗ್ಗಿನ ನೀರಿನ ಮಟ್ಟವೇ ಆಳಕ್ಕೆ ಕುಸಿದು, ಹಳ್ಳಕ್ಕೂ ಅಂತರ್ಜಲಕ್ಕೂ ಇದ್ದ ನಂಟು ಕಡಿದುಹೋಗಿತ್ತು. ಹಳ್ಳ ಬತ್ತಿದ್ದಕ್ಕೆ ಮಳೆಯನ್ನೇ ದೂರುವದು ನಮ್ಮ ರೂಢಿ. ಇಲ್ಲಿ ಮಳೆಯು ತನ್ನ ಪಾಲನ್ನು ಕೊಟ್ಟಿತ್ತು; ಖರ್ಚು ಜಮೆಯನ್ನು ಮೀರಿತ್ತು. ಎತ್ತಿದ ನೀರೇ ಗೊಬ್ಬರದ ಉಪ್ಪನ್ನು ಹೊತ್ತು ಮತ್ತೆ ಕೆಳಗಿಳಿದು, ಮತ್ತೆ ಮೇಲೆ ಬಂದು, ಕುಡಿಯುವ ಬಾವಿಗಳಲ್ಲಿ ನೈಟ್ರೇಟು ಹೆಚ್ಚಿದ್ದನ್ನೂ ಅವರು ತೋರಿಸಿಕೊಟ್ಟರು.

ಗುಂಡ್ಲುಪೇಟೆಯ ಕಲ್ಲು ಬೇರೆ, ನಮ್ಮ ಕಲ್ಲು ಬೇರೆ. ಅಲ್ಲಿಯ ಅಂಕಿಯನ್ನು ಇಲ್ಲಿಗೆ ತಂದು ಅಂಟಿಸುವದು ಅಮೆರಿಕೆಯ ಕೋಷ್ಟಕವನ್ನು ತಂದಷ್ಟೇ ತಪ್ಪು. ತರತಕ್ಕದ್ದು ಅಳೆಯುವ ರೀತಿ. ಆದರೆ ಅಂಕಗಣಿತವು ಎಲ್ಲ ಕಲ್ಲಿಗೂ ಒಂದೇ. ಬೀದರ ಜಿಲ್ಲೆಯ ವರ್ಷದ ಸರಾಸರಿ ಮಳೆ ಸುಮಾರು ೮೫೦ ಮಿಲ್ಲಿಮೀಟರು ಎಂದಿಟ್ಟುಕೊಂಡರೆ, ಒಂದು ಎಕರೆಯ ಮೇಲೆ ಬೀಳುವದು ೩೪ ಲಕ್ಷ ಲೀಟರು. ಅದರಲ್ಲಿ ಹರಿದುಹೋದದ್ದು, ಬಿಸಿಲಿಗೆ ಆರಿದ್ದು ಹೊರತಾಗಿ ತೊಗರಿ, ಉದ್ದು, ಸೋಯಾಗಳು ತಮ್ಮ ಸಂಸಾರ ಸಾಗಿಸುವವು. ಕಬ್ಬಿಗೆ ಬೇಕಾದದ್ದು ೧೫೦೦ರಿಂದ ೨೫೦೦ ಮಿಲ್ಲಿಮೀಟರು. ಎಂದರೆ ಎಕರೆಗೆ ೬೦ ಲಕ್ಷದಿಂದ ಒಂದು ಕೋಟಿ ಲೀಟರು. ಮಳೆಯ ಹನಿಯೊಂದೂ ಪೋಲಾಗದೆ ಬೇರಿಗೇ ಸೇರಿತೆಂದರೂ ಮಿಕ್ಕದ್ದು ನೆರೆಯ ಎಕರೆಗಳ ಪಾಲಿನಿಂದಲೋ ನೆಲದಡಿಯ ಹಳೆಯ ಶಿಲ್ಕಿನಿಂದಲೋ ಬರಬೇಕು. ಕಬ್ಬು ಬೆಳೆದವನನ್ನು ನಾವು ದೂಷಿಸುವದಿಲ್ಲ. ಖಚಿತವಾದ ಬೆಲೆ, ಖಚಿತವಾದ ಗಿರಾಕಿಯಿರುವ ಬೆಳೆಯನ್ನು ಬಿಟ್ಟು, ಬಜಾರದಲ್ಲಿ ದಿನಕ್ಕೊಂದು ದರ ಕಾಣುವ ತೊಗರಿಯನ್ನೇ ಬಿತ್ತೆಂದು ಉಪದೇಶಿಸುವದು ಪೇಟೆಯಲ್ಲಿ ಕುಳಿತವರಿಗೆ ಸುಲಭ.

ಹೀಗೆ ಶಿಲ್ಕು ಮುಗಿದರೆ ಏನಾಗುವದೆಂಬದಕ್ಕೆ ದೂರ ಹೋಗಬೇಕಾಗಿಲ್ಲ. ಮಾಂಜ್ರೆಯ ಮೇಲ್ಗಡೆಯಲ್ಲಿರುವ ಲಾತೂರು ಬಸವಕಲ್ಯಾಣಕ್ಕೆ ನೆರೆಯ ಊರು, ಕಬ್ಬಿನ ಸೀಮೆ. ೨೦೧೬ರ ಏಪ್ರಿಲಿನಲ್ಲಿ ಮಾಂಜ್ರಾ ಜಲಾಶಯವು ಬತ್ತಿ, ಆ ನಗರಕ್ಕೆ ಕುಡಿಯುವ ನೀರನ್ನು ಮಿರಜದಿಂದ ರೈಲಿನಲ್ಲಿ ಸಾಗಿಸಬೇಕಾಯಿತು; ಮೊದಲ ಗಾಡಿಯಲ್ಲಿ ಬಂದದ್ದು ಸುಮಾರು ೫ ಲಕ್ಷ ಲೀಟರು. ಅದೇ ವರ್ಷದ ಮಳೆಗಾಲದ ಕೊನೆಗೆ ಮರಾಠವಾಡೆಯಲ್ಲಿ ಮಳೆ ಹೊಡೆದು ಅದೇ ಜಲಾಶಯವು ತುಂಬಿತು. ೨೦೨೦ರ ಅಕ್ಟೋಬರದಲ್ಲಿ ಬಂಗಾಲ ಉಪಸಾಗರದಿಂದ ಎದ್ದ ವಾಯುಭಾರ ಕುಸಿತವು ಕಾಕಿನಾಡೆಯ ಬಳಿ ನೆಲವನ್ನು ಸೇರಿ, ಹೈದರಾಬಾದನ್ನು ಮುಳುಗಿಸಿ, ಕಲಬುರ್ಗಿ ಸೀಮೆಯ ಮೇಲೂ ಹಾಯ್ದು ಭೀಮೆಯನ್ನು ಉಕ್ಕಿಸಿತು. ಒಂದು ವರ್ಷ ರೈಲಿನ ನೀರು, ಮತ್ತೊಂದು ವರ್ಷ ದೋಣಿ.

ಇದು ಬರಿಯ ದೈವವೇ, ಇಲ್ಲವೆ ಹವೆಯೇ ಬದಲಾಗುತ್ತಿದೆಯೇ? ಗಾಳಿಯ ಉಷ್ಣತೆಯು ಒಂದು ಡಿಗ್ರಿ ಏರಿದರೆ ಅದು ಹೊರಬಲ್ಲ ಆವಿಯು ನೂರಕ್ಕೆ ಸುಮಾರು ೭ರಷ್ಟು ಹೆಚ್ಚುವದೆಂಬದು ಹಳೆಯ ಭೌತಶಾಸ್ತ್ರ. ಸುರಿಯುವಾಗ ಹೆಚ್ಚು ಸುರಿಯುವದು ಅದರ ಫಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಡಾ. ರಾಕ್ಸಿ ಮತ್ತು ಸಂಗಡಿಗರು ೨೦೧೭ರಲ್ಲಿ ತೋರಿಸಿದಂತೆ, ನಮ್ಮ ಉತ್ತರಕ್ಕಿರುವ ಮಧ್ಯಭಾರತದಲ್ಲಿ ವಿಸ್ತಾರವಾಗಿ ಹಬ್ಬಿದ ಅತಿವೃಷ್ಟಿಯ ಪ್ರಸಂಗಗಳು ೧೯೫೦ರಿಂದ ೨೦೧೫ರ ವರೆಗೆ ಮೂರು ಪಟ್ಟಾಗಿವೆ. ನೆಲದ ತೇವವು ತಿರುಗಿ ಮಳೆಯ ಮೇಲೆ ಪ್ರಭಾವ ಬೀರುವದೂ ಉಂಟು. ಹನ್ನೆರಡು ಸಂಶೋಧಕ ತಂಡಗಳು ತಮ್ಮ ತಮ್ಮ ಮಾದರಿಗಳನ್ನು ಒಟ್ಟಿಗೆ ನಡೆಸಿ ೨೦೦೪ರಲ್ಲಿ ಕಂಡುಕೊಂಡಂತೆ, ಈ ಪ್ರಭಾವವು ಬಲವಾಗಿರುವ ಜಗತ್ತಿನ ಕೆಲವೇ ಪ್ರದೇಶಗಳಲ್ಲಿ ಭಾರತವೂ ಒಂದು. ಭಾರತೀಯ ವಿಜ್ಞಾನ ಸಂಸ್ಥೆಯ ದೇವರಾಜು, ಬಾಲ, ಮೋದಕ ಎಂಬವರು ೨೦೧೫ರಲ್ಲಿ ಗಣಿತ ಮಾದರಿಯೊಳಗೆ ಭೂಮಿಯ ಕಾಡುಗಳನ್ನು ಕಡಿದು ನೋಡಿದರು. ನಮ್ಮ ಕಾಡಿಗಿಂತ ದೂರದ ಉತ್ತರ ದೇಶಗಳ ಕಾಡು ಹೋದದ್ದರಿಂದಲೇ ನಮ್ಮ ಮಳೆಗೆ ಹೆಚ್ಚು ಧಕ್ಕೆ. ಭಾರತದ ಮಳೆಯು ನೂರಕ್ಕೆ ೧೮ರಷ್ಟು ಕುಗ್ಗುವದೆಂದು ಆ ಪರೀಕ್ಷೆಯಲ್ಲಿ ಬಂತು. ನಿಜವಾದ ಕೊಡಲಿಯನ್ನು ಎತ್ತದೆ ಇಂಥ ಪರೀಕ್ಷೆಯನ್ನು ಮಾಡಬಹುದಾದದ್ದು ಈ ಶಾಸ್ತ್ರದ ದೊಡ್ಡ ಅನುಕೂಲ.

ಆದರೂ ಜಗತ್ತಿನ ಮಾದರಿಯಿಂದ ಹುಮನಾಬಾದದ ಒಂದು ಹೋಬಳಿಗೆ ಮುಂದಿನ ಆಷಾಢದಲ್ಲಿ ಎಷ್ಟು ಮಳೆಯೆಂದು ಕೇಳುವವನು ನಿರಾಶನಾಗುವನು. ಜಗತ್ತಿನ ಲೆಕ್ಕದಲ್ಲಿ ಒಂದು ಚೌಕದ ಅಗಲವೇ ಎಷ್ಟೋ ಸಲ ನಮ್ಮ ಜಿಲ್ಲೆಯಷ್ಟಿರುವದು. ರೈತನಿಗೆ ಉಪಯೋಗವಾಗಬೇಕಾದರೆ ಶಾಸ್ತ್ರಜ್ಞನು ಹೊಲಕ್ಕೆ ಇಳಿಯಬೇಕು. ೨೦೨೫ರಲ್ಲಿ ತೀರಿಕೊಂಡ ಶ್ರೀಮತಿ ಸುಲೋಚನಾ ಗಾಡಗೀಳರು ಮುಂಗಾರು ಮಾರುತಗಳ ಶಾಸ್ತ್ರದಲ್ಲಿ ಜಗದ್ವಿಖ್ಯಾತರು. ಅವರು ಪಾವಗಡ, ಅನಂತಪುರ ಸೀಮೆಯ ಶೇಂಗಾ ಬೆಳೆಗಾರರೊಡನೆ ಕುಳಿತು, ಯಾವಾಗ ಬಿತ್ತಿದರೆ ಬೆಳೆ ಕೆಡುವ ಅಪಾಯ ಕಡಿಮೆಯೆಂಬ ಪ್ರಶ್ನೆಯನ್ನು ಬೆಳೆಯ ಗಣಿತ ಮಾದರಿಗೂ ಹಲವು ವರ್ಷಗಳ ಮಳೆಯ ದಾಖಲೆಗೂ ಹಾಕಿ ನೋಡಿದರು. ಪ್ರಶ್ನೆ ರೈತನದು, ಗಣಿತ ಶಾಸ್ತ್ರಜ್ಞನದು. ನಮ್ಮ ತೊಗರಿಗೂ ಇಂಥ ಕೆಲಸ ಆಗತಕ್ಕದ್ದು.

ಜಮೆಯ ಬಾಬಿನಲ್ಲಿ ನಮ್ಮ ರಾಜ್ಯದ ಸ್ಥಿತಿ ಚೆನ್ನಾಗಿದೆ. ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯತಿಗೆ ಒಂದರಂತೆ ತಾನಾಗಿಯೇ ಸುದ್ದಿ ಕಳಿಸುವ ಮಳೆಮಾಪಕಗಳನ್ನು ನಿಲ್ಲಿಸಿದ್ದಾರೆ. ಅವುಗಳ ಸಂಖ್ಯೆ ೬೦೦೦ಕ್ಕೂ ಮಿಕ್ಕಿದೆ. ಕೌಟಿಲ್ಯನ ಕುಂಡವು ಹೀಗೆ ಹಳ್ಳಿಹಳ್ಳಿಗೂ ಬಂತು. ಕೊರತೆಯಿರುವದು ಖರ್ಚಿನ ಬಾಬಿನಲ್ಲಿ. ೧೦ ಅಶ್ವಶಕ್ತಿಯ ವರೆಗಿನ ಪಂಪುಗಳಿಗೆ ವಿದ್ಯುತ್ತು ಉಚಿತವಾದ್ದರಿಂದ, ಎಷ್ಟು ಎತ್ತಿದರೆಂದು ಪಂಪಿಗೆ ಪಂಪು ತಿಳಿಯುವ ಸಾಧನವಿಲ್ಲ. ಕೇಂದ್ರದ ಅಂತರ್ಜಲ ಮಂಡಳಿಯವರು ತಮ್ಮ ನಿರೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಾರೆ ಅಳೆಯುವರು. ಜಂಬಿಟ್ಟಿಗೆ ಎಲ್ಲಿ ಮುಗಿಯುವದು, ಎರೆ ಎಲ್ಲಿ ಆರಂಭವಾಗುವದು ಎಂಬ ಭೇದವನ್ನು ಹಿಡಿಯಲು ಆ ಬಾವಿಗಳು ತೀರ ವಿರಳ.

ಆದರೆ ಬೇಕಾದ ಸಾಮಗ್ರಿಯ ಬಹುಭಾಗವು ಸರಕಾರದ ಕೈಯಲ್ಲಿಯೇ ಬೇರೆ ಬೇರೆ ದಫ್ತರಗಳಲ್ಲಿ ಬಿದ್ದಿದೆ ಎಂಬದೇ ನಮ್ಮ ಮುಖ್ಯ ಹೇಳಿಕೆ. ಕಂದಾಯ, ಕೃಷಿ ಇಲಾಖೆಗಳು ಸರ್ವೇ ನಂಬರುವಾರು ಬೆಳೆ ಸಮೀಕ್ಷೆ ಮಾಡಿಸುತ್ತವೆ; ಯಾವ ಹೊಲದಲ್ಲಿ ಕಬ್ಬು, ಯಾವುದರಲ್ಲಿ ತೊಗರಿ ಎಂಬದು ಅದರಲ್ಲಿದೆ. ಬೆಳೆ ತಿಳಿದರೆ ಅದು ಕುಡಿಯುವ ನೀರನ್ನು ಅಂದಾಜಿಸಬಹುದು. ಸುಜಲಾ ನಕಾಶೆಯಿಂದ ಮಣ್ಣಿನ ಹೊಟ್ಟೆ ತಿಳಿಯುವದು, ಮಳೆಮಾಪಕದಿಂದ ಜಮೆ ತಿಳಿಯುವದು, ಜಲಾಶಯದ ದಿನವಹಿಯಿಂದ ಕೆಳಗೆ ಬಂದದ್ದು ತಿಳಿಯುವದು. ಇವನ್ನೆಲ್ಲ ಒಂದು ಪುಸ್ತಕಕ್ಕೆ ತಂದು ಕೂಡಿಸಿ ಕಳೆಯುವ ಅಧಿಕಾರಿಯೊಬ್ಬನು ಜಿಲ್ಲೆಗೆ ಬೇಕು. ಅವನಿಗೆ ಯಾವ ಕಾಮಗಾರಿಯನ್ನೂ ಕಟ್ಟಿಸುವ ಅಧಿಕಾರವಿರಬಾರದು. ಕಟ್ಟಿಸುವವನೇ ಎಣಿಸಿದರೆ ಎಣಿಕೆಯು ಕಟ್ಟಡದ ಪರವಾಗಿಯೇ ಬರುವದು ಮನುಷ್ಯಸ್ವಭಾವ. ಹೊಸ ಚೆಕ್ ಡ್ಯಾಮಿಗೆ ಮಂಜೂರಾತಿ ಕೊಡುವ ಮುನ್ನ, ಇದರಿಂದ ಕೆಳಗಿನ ಯಾವ ಜಲಾಶಯಕ್ಕೆ ಎಷ್ಟು ಕಡಿಮೆ ಬರುವದೆಂಬ ಒಂದು ಸಾಲನ್ನು ಅಂದಾಜುಪಟ್ಟಿಯಲ್ಲಿ ಬರೆಯುವದನ್ನು ಕಡ್ಡಾಯ ಮಾಡಲಿ. ಆ ಸಾಲು ಕನ್ನಡದಲ್ಲಿರಲಿ, ಗ್ರಾಮಸಭೆಯಲ್ಲಿ ಓದಲ್ಪಡಲಿ.

ಪರೀಕ್ಷೆಗೆ ನಮ್ಮ ಎರಡು ತಾಲೂಕುಗಳಿಗಿಂತ ಅನುಕೂಲವಾದ ಸ್ಥಳ ಸಿಗಲಾರದು. ಒಂದೇ ದಿನ್ನೆ, ಒಂದೇ ಮಳೆ, ಎರಡು ಮಗ್ಗುಲು, ಜಂಬಿಟ್ಟಿಗೆ ಮತ್ತು ಎರೆ. ಚುಳಕಿಯ ಮೇಲ್ಗಡೆ ಒಂದು ಹಳ್ಳ, ಮುಲ್ಲಾಮಾರಿಯ ಮೇಲ್ಗಡೆ ಒಂದು ಹಳ್ಳ. ಎರಡರಲ್ಲೂ ಹರಿವನ್ನು ಅಳೆಯುವ ಪಟ್ಟಿ, ಸುತ್ತಲಿನ ಹಳ್ಳಿಗಳಲ್ಲಿ ಐವತ್ತು ಐವತ್ತು ಬಾವಿಗಳು, ತಿಂಗಳಿಗೊಮ್ಮೆ ನೀರಿನ ಮಟ್ಟದ ಅಳತೆ. ಪ್ರೌಢಶಾಲೆಯ ಮೇಲ್ತರಗತಿಯ ಹುಡುಗರು ಉಪಾಧ್ಯಾಯರೊಡನೆ ಹೋಗಿ ಹಗ್ಗಕ್ಕೆ ತೂಕ ಕಟ್ಟಿ ಇಳಿಬಿಟ್ಟು ಬರೆದುಕೊಳ್ಳಬಹುದಾದ ಕೆಲಸವಿದು. ಮೊದಲ ಅಳತೆಯು ರೋಹಿಣಿ ಮಳೆಗೆ ಮುಂಚೆ, ಬಾವಿಗಳು ಅತ್ಯಂತ ಕೆಳಗಿರುವಾಗ ಆಗಬೇಕು. ಆಗದಿದ್ದರೆ ಆ ವರ್ಷದ ಪುಸ್ತಕಕ್ಕೆ ಆರಂಭದ ಶಿಲ್ಕು ಇರುವದಿಲ್ಲ.